ಹಂಡೆಯೊಳಗಿನ ಔಷಧಿ

ಮನೆಗೆ ಕರೆಂಟು ಬಂದರೆ ಅದರ ಜೊತೆಗೇ ಮನೆಯಲ್ಲೊಬ್ಬ ಬಲಿಪಶುವೂ ತಯಾರಾಗುತ್ತಾನೆ. ನಮ್ಮ ಮನೆಯಲ್ಲಿ ಅದು ನಾನು. ವಯರಿಂಗಿನವನು ಬಂದ ದಿನ ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಅಷ್ಟೇ ನನ್ನ ವಿದ್ಯಾಭ್ಯಾಸ. ಅವನು ಇಳಿದು ಹೋದ ಮೇಲೆ ಏಣಿ ಹತ್ತಿದವನು ನಾನು, ಇನ್ನೂ ಇಳಿದಿಲ್ಲ. ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತಗಿರಿ ಮುಗಿಸಿ ಬಸ್ಸಿನಲ್ಲಿ ಹಿಂಡಿಹೋಗಿ ಮನೆಗೆ ಬಂದರೆ, ಹೆಂಡತಿ ಸುಮತಿ ಕಾಫಿಗಿಂತ ಮೊದಲು ಸುದ್ದಿ ತರುತ್ತಾಳೆ: “ಹ್ವಾಯ್, ಅಡುಗಿಮನಿ ಲೈಟ್ ಹತ್ತುದಿಲ್ಲೆ.” ಹತ್ತದ ದೀಪಕ್ಕೆ ಒಂದು ಕ್ರಮವುಂಟು. ಮೊದಲು ಬೇರೆ ಕೋಣೆಯ ಒಳ್ಳೆಯ ಬಲ್ಬು ಹಾಕಿ ನೋಡಬೇಕು. ಆಮೇಲೆ ಮೇನ್ ಸ್ವಿಚ್ ತೆಗೆದು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಲ್ಡರು, ಸ್ವಿಚ್ಚು, ಕೊನೆಗೆ ಫ್ಯೂಸು. ನಾನು ಈ ಕ್ರಮವನ್ನು ಊರಿಗೆಲ್ಲ ಉಪದೇಶ ಮಾಡುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಫ್ಯೂಸಿನಿಂದ ಶುರುಮಾಡಿ, ಬೋರ್ಡಿನ ಸ್ಕ್ರೂಗಳನ್ನೆಲ್ಲ ಜಗಲಿಯ ಮೇಲೆ ಹರವಿ, ಊಟದ ಹೊತ್ತಿಗೆ ಬಲ್ಬು ಸುಟ್ಟುಹೋಗಿದೆ ಎಂದು ಕಂಡುಹಿಡಿಯುತ್ತೇನೆ. ಇಷ್ಟು ಒದ್ದಾಡಿದರೂ ಒಂದು ಒಳ್ಳೆಯ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ದೀಪ ಹತ್ತಿದರೆ ಅದು ಕರೆಂಟಿನ ಗುಣ, ಹತ್ತದಿದ್ದರೆ ನನ್ನ ಗುಣ.

ಈ ವಿಷಯದಲ್ಲಿ ಎಲ್ಲರಿಗಿಂತ ಬಿಗಿ ರುಕ್ಕತ್ತೆ, ಅಂದರೆ ಅಪ್ಪಯ್ಯನ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡ ಮಾಡಿದವರು. ನನ್ನ ಕಿವಿಯ ಹತ್ತಿರ ಕೂದಲು ನೆರೆತರೂ ಅವರಿಗೆ ನಾನು ಮಾಣಿಯೇ. ಅವರ ಬಲಗಾಲಿನ ಗಂಟುನೋವಿಗೆ ಸಿದ್ದಾಪುರದ ಕಡೆಯ ಬೇರು, ಬ್ರಹ್ಮಾವರದ ಕಷಾಯ ಎಲ್ಲ ಆಗಿ, ಯಾವುದಕ್ಕೂ ನೋವು ಜಗ್ಗಿರಲಿಲ್ಲ. ಹಾಗಿರುವಾಗ ಆ ಬೇಸಿಗೆಯಲ್ಲಿ ಅತ್ತೆ ಇದ್ದಕ್ಕಿದ್ದ ಹಾಗೆ ಲವಲವಿಕೆಯಿಂದ ಓಡಾಡತೊಡಗಿದರು. “ಹ್ಯಾಂಗೆ ಅತ್ತೆ?” ಎಂದರೆ “ದೇವ್ರ್ ಕಣ್ ಬಿಟ್ಟ” ಎಂದು ಮಾತು ಹಾರಿಸಿದರು. ನಾನೂ ದೇವರ ಕೆಲಸದಲ್ಲಿ ಹೆಚ್ಚು ಕೈ ಹಾಕುವವನಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಕೊಡೆ ಮಡಚುತ್ತ ಅಂಗಳಕ್ಕೆ ಬಂದರೆ, ಪಕ್ಕದ ಮನೆಯ ಗಿರಿಜಕ್ಕ ಹೆಗಲ ಮೇಲೆ ಮೈ ಒರೆಸುವ ಬೈರಾಸು ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕೂತಿದ್ದರು, ಥೇಟ್ ಡಾಕ್ಟರ ಶಾಪಿನಲ್ಲಿ ಕೂತ ಹಾಗೆ.

“ಎಂತ ಗಿರಿಜಕ್ಕ, ಈ ಮಳಿಯಂಗೆ?”

“ನಿಮ್ಮನಿ ಹಂಡಿ ಮುಟ್ಟುಕ್ ಬಂದದ್ ಮಾರಾಯ್ರೆ. ನಂಗೂ ಭುಜ ನೋವಲೆ.”

“ಹಂಡಿ ಮುಟ್ಟುದಾ?”

“ನಿಮ್ಗ್ ಗೊತ್ತಿಲ್ಯಾ? ಬಚ್ಚಲ್ ಲೈಟ್ ಹಾಕಿ ಒದ್ದಿ ಕೈಯಂಗೆ ಮುಟ್ರೆ ಜುಂ ಅಂತ್ ಅಂಬ್ರ್. ರುಕ್ಕಮ್ಮನ್ ಕಾಲ್ ನೋವ್ ಅದ್ರಿಂದ್ಲೇ ಅಲ್ದಾ ಕಡ್ಮಿ ಆದ್ದ್? ಮಳಿ ಬಂದ್ ಮೇಲೆ ಔಷಧಿ ಇನ್ನೂ ಜೋರಾಯ್ತ್ ಅಂಬ್ರ್. ಈಗ ಅವ್ರ್ ಮೀತಾ ಇದ್ರ್, ಆದ್ ಮೇಲೆ ನಂದ್.”

ಕೊಡೆಯನ್ನು ಅಲ್ಲೇ ಬಿಸಾಡಿ, ಗಿರಿಜಕ್ಕನ ಕಾಲು ತುಳಿದು, ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಮನೆಯೆಲ್ಲ ಕತ್ತಲಾಯಿತು. ಬಚ್ಚಲಿನಿಂದ ದನಿಯೇ ಇಲ್ಲ. ಆಮೇಲೆ ಬಂತು ನೋಡಿ, “ಹ್ವಾಯ್! ಯಾರದ್ ಲೈಟ್ ತೆಗ್ದದ್? ಕಾಲಿಗೆ ಇನ್ನೂ ಸಮಾ ಹಿಡಿಲಿಲ್ಲೆ!” ಅತ್ತೆಯ ಬೈಗುಳ ಅಷ್ಟು ಇಂಪಾಗಿ ನನ್ನ ಕಿವಿಗೆ ಎಂದೂ ಬಿದ್ದದ್ದಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಸಂಗತಿ ಇಷ್ಟು. ನಮ್ಮ ತಾಮ್ರದ ಹಂಡೆಯನ್ನು ಬಚ್ಚಲ ಗೋಡೆಗೆ ತಾಗಿಸಿ ಒಲೆಯ ಮೇಲೆ ಕೂರಿಸಿದ್ದು. ದೀಪದ ವಯರು ಹೋದದ್ದು ಅದೇ ಗೋಡೆಯಲ್ಲಿ, ಒಲೆಯ ನೇರಕ್ಕೆ ಮೇಲೆ. ಬೆಂಕಿಯ ಕಾವು, ಹೊಗೆ ತಿಂದು ತಿಂದು ವಯರಿನ ಮೇಲಿನ ರಬ್ಬರು ಹಪ್ಪಳದ ಹಾಗೆ ಉದುರಿ, ದೀಪದ ಸ್ವಿಚ್ಚು ಹಾಕಿದಾಗಲೆಲ್ಲ ಬರಿ ತಂತಿಯ ಕರೆಂಟು ಹಂಡೆಗೆ ಇಳಿಯುತ್ತಿತ್ತು. ನಾವೆಲ್ಲ ಹಗಲಿನಲ್ಲಿ ಮೀಯುವವರು, ಆಗ ಸ್ವಿಚ್ಚು ಹಾಕುವ ಪ್ರಶ್ನೆಯೇ ಇಲ್ಲ. ಸಂಜೆ ದೀಪ ಹಾಕಿ ಮೀಯುವವರು ಅತ್ತೆಯೊಬ್ಬರೇ. ಅವರು ಒಣಗಿದ ಹಲಸಿನ ಮಣೆಯ ಮೇಲೆ ಕೂತಿರುತ್ತಿದ್ದರಿಂದ ಬೇಸಿಗೆಯಿಡೀ ಕೆಲಸ ಜುಮ್ಮಿನಲ್ಲೇ ಮುಗಿದಿತ್ತು. ಮಳೆಗಾಲದಲ್ಲಿ ಗೋಡೆ ನೆನೆಯಿತು, ಮಣೆಯೂ ಒಣಗುವುದಿಲ್ಲ. ಔಷಧಿ ಜೋರಾದದ್ದು ಹೀಗೆ.

ಮರುದಿನ ಭಾನುವಾರ. ರಬ್ಬರ್ ಚಪ್ಪಲಿ ಹಾಕಿಕೊಂಡು, ಬಚ್ಚಲ ದೀಪ ಹಾಕಿ, ಟೆಸ್ಟರನ್ನು ಹಂಡೆಗೆ ತಾಗಿಸಿದೆ. ಟೆಸ್ಟರಿನ ಒಳಗೆ ಕೆಂಪಗೆ ಹತ್ತಿತು. “ಕಾಣಿ ಅತ್ತೆ, ಹಂಡಿಯಂಗೆ ಕರೆಂಟ್ ಇತ್ತ್. ಇದ್ ಜೀವ ತೆಗಿತ್ತ್” ಎಂದೆ.

“ತೆಗುದಾರೆ ಇಷ್ಟ್ ದಿನ ಎಂತಕ್ಕೆ ತೆಗಿಲಿಲ್ಲೆ? ಪಾಪ, ಅದ್ರ ಪಾಡಿಗೆ ಅದ್ ಇತ್ತ್. ನೀ ಸುಮ್ನಿರ್ ಮಾಣಿ.”

ನಾನು ಸುಮ್ಮನಿರಲಿಲ್ಲ. ಮೇನ್ ತೆಗೆದು, ಹಳೆಯ ವಯರು ಕಿತ್ತೆಸೆದು, ಒಲೆಯಿಂದ ದೂರದ ಗೋಡೆಯಲ್ಲಿ, ಮೇಲೆ ಮಾಡಿನ ಹಂಚಿನ ಹತ್ತಿರ ಮರದ ಪಟ್ಟಿ ಹೊಡೆದು ಹೊಸ ವಯರು ಎಳೆದೆ. ಸ್ವಿಚ್ಚನ್ನು ಒದ್ದೆ ಕೈಗೆ ಸಿಗದ ಹಾಗೆ ಬಾಗಿಲಿನ ಹೊರಗೆ ಹಾಕಿದೆ. ಅಷ್ಟಕ್ಕೂ ಧೈರ್ಯ ಬಾರದೆ, ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಒಲೆಯ ಇದ್ದಲನ್ನೂ ಉಪ್ಪನ್ನೂ ತುಂಬಿ, ಸೋರಿದ ಕರೆಂಟು ನೆಲಕ್ಕಿಳಿಯುವ ಹಾಗೆ ಹಂಡೆಗೊಂದು ಅರ್ತ್ ತಂತಿ ಕೊಟ್ಟೆ. ಅಡುಗೆಮನೆಯಲ್ಲಿ ಉಪ್ಪು ಹಾಕಿಡುವ ಮರಿಗೆ ಖಾಲಿಯಾದದ್ದನ್ನು ಕಂಡು ಅತ್ತೆ, “ಕರೆಂಟನ್ನ್ ಉಪ್ಪಿನಕಾಯಿ ಹಾಕ್ತ್ಯಾ?” ಎಂದು ಕೇಳಿದರು. ಸಂಜೆ ಹಂಡೆ ಮುಟ್ಟಿದರು. ಕಾದರು. ಇನ್ನೊಂದು ಕೈಯನ್ನೂ ಇಟ್ಟರು. ಹೊರಗೆ ಬಂದವರು ನನ್ನ ಕಡೆ ನೋಡದೆ ಸುಮತಿಗೆ ಹೇಳಿದರು: “ಹಾಳ್ ಮಾಡಿ ಹಾಕ್ದ. ಒಳ್ಳೇದಿದ್ದದ್ ಇವನ್ಗೆ ಕಂಡ್ರಾತಿಲ್ಲೆ.”

ನನ್ನ ಜೀವಮಾನದಲ್ಲಿ ನಾನು ತಪ್ಪಿಲ್ಲದೆ ಮಾಡಿದ ವಯರಿಂಗ್ ಅದೊಂದೇ. ಊರಿಗೆ ಹೋದ ಸುದ್ದಿ ಮಾತ್ರ, ನಾನು ರುಕ್ಕತ್ತೆಯ ಔಷಧಿ ಕೆಡಿಸಿದೆ ಎಂದು. ಗಿರಿಜಕ್ಕ ತನ್ನ ಸರದಿ ಬರುವ ಮೊದಲೇ ಆಸ್ಪತ್ರೆ ಮುಚ್ಚಿದಂತೆ ಮುಖ ಗಂಟಿಕ್ಕಿಕೊಂಡರು. ಅತ್ತೆಯ ಕಾಲುನೋವು ಮತ್ತೆ ಶುರುವಾಯಿತು. ನನ್ನ ಜೊತೆ ಮಾತು ನಿಂತಿತು. ಅವರು ಬದುಕಿದ್ದಾರೆ ಎಂಬ ಸಂತೋಷವನ್ನು ಅವರಿಗೆ ಹೇಳುವುದಾದರೂ ಹೇಗೆ? ಹಂಡೆ ಜೀವ ತೆಗೆಯುತ್ತಿತ್ತು ಎಂಬುದನ್ನೇ ಒಪ್ಪದವರು ಅವರು. ನನಗೆ ನಿಜಕ್ಕೂ ಅಳು ಬರುವ ಹಾಗಾಗಿತ್ತು.

ಕೊನೆಗೆ ಸುಮತಿಯೇ ಎಳ್ಳೆಣ್ಣೆ ಬಿಸಿಮಾಡಿ ತಂದು ನನ್ನ ಕೈಗಿಟ್ಟಳು. “ಔಷಧಿ ತೆಗ್ದದ್ ನೀವ್, ಇನ್ನ್ ಕೊಡೂದೂ ನೀವೇ” ಎಂದಳು. ಅತ್ತೆಯ ಕಾಲ ಬುಡದಲ್ಲಿ ಕೂತು ತಿಕ್ಕಿದೆ. ಅವರು ಮಾಡಿನ ಹಂಚು ನೋಡುತ್ತ ಕೂತರು. ಮರುದಿನವೂ ತಿಕ್ಕಿದೆ, ಮತ್ತೆ ಅದೇ ದಿನಚರಿಯಾಯಿತು. ಬಸ್ಸಿಳಿದು ಬಂದು ಎಣ್ಣೆ, ಆಮೇಲೆ ಕಾಫಿ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಧೈರ್ಯ ಮಾಡಿ, “ಹ್ಯಾಂಗಿತ್ತ್ ಅತ್ತೆ?” ಎಂದು ಕೇಳಿದೆ.

ಅತ್ತೆ ಕಾಲು ಮಡಚಿದರು, ಬಿಡಿಸಿದರು, ಎಣ್ಣೆಯಾಗಿದ್ದ ನನ್ನ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

“ಕರೆಂಟಿನಷ್ಟ್ ಇಲ್ಲೆ ಮಾಣಿ. ಆದ್ರೂ ಅಡ್ಡಿಲ್ಲೆ.”

ಇಷ್ಟು ವರ್ಷದ ನನ್ನ ಎಲೆಕ್ಟ್ರಿಕ್ ಕೆಲಸಕ್ಕೆ ಸಿಕ್ಕಿದ ಒಂದೇ ಒಂದು ಸರ್ಟಿಫಿಕೇಟು ಅದು. ಅದೂ ಎಣ್ಣೆ ತಿಕ್ಕಿದ್ದಕ್ಕೆ.