ನಮ್ಮ ಭಾವನ ಭಯಂಕರ ಸ್ಪೋರ್ಟ್ಸ್

ನಮ್ಮ ಭಾವನಷ್ಟು ಹೆದರುವ ಮನುಷ್ಯ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ಜಾಲಾಡಿದರೂ ಇನ್ನೊಬ್ಬ ಸಿಗಲಾರ. ಇದ್ದರೂ ಅವನು ಎಲ್ಲೋ ಮಂಚದ ಕೆಳಗೆ ಅಡಗಿ ಕೂತಿರಬೇಕು, ನಮ್ಮ ಕಣ್ಣಿಗೆ ಬಿದ್ದಿಲ್ಲ! ಇಂಥ ಭಾವ ಒಂದು ಚಾನೆಲ್ ಹುಟ್ಟುಹಾಕಿದರು ಎಂದರೆ ನೀವು ನಂಬುತ್ತೀರಾ? ಅದೂ ಆಟೋಟದ ಚಾನೆಲ್ಲು, ಮೊಬೈಲಿನಲ್ಲಿ ನೇರಪ್ರಸಾರ! ನಂಬದಿದ್ದರೆ ನಿಮ್ಮ ತಪ್ಪೇನಿಲ್ಲ. ಅವರನ್ನು ಕಟ್ಟಿಕೊಂಡ ನಮ್ಮ ಅಕ್ಕನೇ ಬಹಳ ದಿನ ನಂಬಿರಲಿಲ್ಲ.

ಮೊದಲು ಅವರ ಭಯದ ಪರಿಚಯ ಮಾಡಿಕೊಡುತ್ತೇನೆ. ಭಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಚಳ್ಳಕೆರೆಯ ನಮ್ಮ ಮನೆಗೆ ಬರಬೇಕೆಂದರೆ ಬಸ್ಸು ಹತ್ತಬೇಕಲ್ಲ, ಭಯ ಅಲ್ಲಿಂದಲೇ ಶುರು. ಮುಂದಿನ ಸೀಟಿನಲ್ಲಿ ಕೂತರೆ ಎದುರಿನಿಂದ ಲಾರಿ ಬಂದು ಗುದ್ದಬಹುದು, ಹಿಂದೆ ಕೂತರೆ ಹಿಂದಿನ ಲಾರಿ, ಕಿಟಕಿ ಪಕ್ಕ ಕೂತರೆ ಪಕ್ಕದ ಲಾರಿ! ಹಾಗಾಗಿ ಸೀಟೆಲ್ಲ ಖಾಲಿಯಿದ್ದರೂ ಬಸ್ಸಿನ ನಟ್ಟನಡುವೆ ಕಂಬಿ ಹಿಡಿದು ನಿಂತೇ ಬರುತ್ತಾರೆ. ಎಳನೀರಿನವನು ಮಚ್ಚು ಎತ್ತಿದರೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಆಯ್ತಾ ಎಂದು ಅಲ್ಲಿಂದಲೇ ಕೇಳಿ, ಆಮೇಲೆ ಈಚೆ ಬರುತ್ತಾರೆ. ಮನೆಯಲ್ಲಿ ಮಿಕ್ಸಿ ಹಾಕುವ ಮುಂಚೆ ಅಕ್ಕ ಮುನ್ಸೂಚನೆ ಕೊಡಬೇಕು. ಭಾವ ಬೀದಿಗೆ ಹೋಗಿ ನಿಂತು, ಚಟ್ನಿ ನುಣ್ಣಗಾದ ಮೇಲೆ ಒಳಗೆ ಬರುತ್ತಾರೆ. ಮದುವೆಯ ದಿನ ತಾಳಿ ಎಲ್ಲಿ ಬಿಚ್ಚಿಕೊಳ್ಳುತ್ತೋ ಎಂದು ಹೆದರಿ ಮೂರು ಗಂಟಿನ ಮೇಲೆ ಗಂಟು ಹಾಕುತ್ತಲೇ ಹೋದರು. ಕೊನೆಗೆ ಪುರೋಹಿತರು, "ಸಾಕಪ್ಪ, ಇದು ಮಗ್ಗ ಅಲ್ಲ" ಎಂದು ಕೈ ಹಿಡಿದು ಬಿಡಿಸಬೇಕಾಯಿತು.

ಇಷ್ಟು ಹೆದರುವವರಿಗೆ ಕಬಡ್ಡಿ ಎಂದರೆ ಪ್ರಾಣ. ಇದೆಂಥ ವಿಚಿತ್ರ ನೋಡಿ! ಆದರೆ ಜನರ ಗುಂಪಿನಲ್ಲಿ ನಿಲ್ಲಲು ಭಯ, ಅಂಕಣದ ಹತ್ತಿರ ಹೋದರೆ ಯಾರಾದರೂ ಮೈಮೇಲೆ ಬಿದ್ದಾರೆಂಬ ಭಯ, ರೆಫರಿಯ ಸೀಟಿ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಅವರೊಂದು ಉಪಾಯ ಕಂಡುಕೊಂಡರು. ಮೈದಾನದ ಹೊರಗೆ ನಿಂತ ಆಟೋದೊಳಗೆ ಕೂತು, ಮೊಬೈಲಿನ ಕ್ಯಾಮೆರಾವನ್ನು ಆಟದ ಕಡೆ ಹಿಡಿದು, ದೂರದ್ದನ್ನು ಹತ್ತಿರ ಮಾಡಿಕೊಂಡು ನೋಡುವುದು. ಗಾಜಿನೊಳಗೆ ಕಂಡರೆ ಅವರಿಗೆ ಅಷ್ಟು ಭಯವಿಲ್ಲ. ಒಂದು ದಿನ ಹಾಗೆ ನೋಡುತ್ತಿದ್ದಾಗ ಬೆರಳು ಎಲ್ಲಿಗೋ ತಾಗಿ ಲೈವ್ ಆಗಿಬಿಟ್ಟಿತು. ಭಾವನಿಗೆ ಗೊತ್ತೇ ಇಲ್ಲ! ತಮ್ಮ ಪಾಡಿಗೆ ತಾವು ನಡುಗುತ್ತಾ ಗೊಣಗುತ್ತಿದ್ದಾರೆ: "ಅಯ್ಯೋ ಬಿದ್ದ. ಮೇಲೆ ಬ್ಯಾರೆ ಬಿದ್ರು. ಎದ್ದನಾ? ಇಲ್ಲ. ಕೈ ಊರಿದ. ಹಾ, ಎದ್ದ, ಎದ್ದ."

ಅದೇ ಅವರ ಮೊದಲ ಕಾಮೆಂಟರಿ. ಸಂಜೆಯೊಳಗೆ ಎರಡು ತಾಲ್ಲೂಕಿನ ಮೊಬೈಲುಗಳಲ್ಲೆಲ್ಲ ಅದು ಓಡಾಡಿತ್ತು.

ಮುಂದೆ ಊರಿನವರೇ ಕರೆಯತೊಡಗಿದರು, ಆಟೋದೊಳಗೇ ಒಂದು ಮೈಕೂ ತಂದುಕೊಟ್ಟರು. ನಾಯಕನಹಟ್ಟಿಯಲ್ಲಿ ವಾಲಿಬಾಲ್, ದೇವಸಮುದ್ರದಲ್ಲಿ ಕಬಡ್ಡಿ, ಚಳ್ಳಕೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್. ಚಾನೆಲ್ಲಿಗೆ ಹೆಸರು ಬೇಕಲ್ಲ? ಭಾವ 'ಹುಷಾರು ಸ್ಪೋರ್ಟ್ಸ್' ಎಂದು ಇಡಬೇಕೆಂದಿದ್ದರು. ಚಳ್ಳಕೆರೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಅವರ ಗೆಳೆಯ, ಆ ಹೆಸರಿಟ್ಟರೆ ಯಾರೂ ನೋಡುವುದಿಲ್ಲ ಎಂದು ತಾನೇ 'ಭಯಂಕರ ಸ್ಪೋರ್ಟ್ಸ್' ಎಂದು ಕೆಂಪು ಅಕ್ಷರದಲ್ಲಿ ಫ್ಲೆಕ್ಸ್ ಹೊಡೆದುಕೊಟ್ಟ. ಅದನ್ನು ನೋಡಿ ಮೊದಲು ಹೆದರಿದವರು ಯಾರು ಎಂದು ಬೇರೆ ಹೇಳಬೇಕೆ?

ಆದರೆ ಭಾವನ ಪ್ರಸಾರದಲ್ಲಿ ಒಂದು ದೊಡ್ಡ ಐಬಿತ್ತು. ಯಾರಾದರೂ ಬಿದ್ದರೆ ಕ್ಯಾಮೆರಾ ಅವನ ಮೇಲೆಯೇ ನಿಂತುಬಿಡುತ್ತಿತ್ತು. ಕ್ರಿಕೆಟ್ಟಿನಲ್ಲಿ ಚೆಂಡು ಹಿಡಿಯಲು ಹೋಗಿ ಒಬ್ಬ ಬಿದ್ದ ಎನ್ನಿ. ಚೆಂಡು ಬೌಂಡರಿ ದಾಟಲಿ, ಜನ ಕುಣಿಯಲಿ, ಭಾವನಿಗೆ ಸಂಬಂಧವಿಲ್ಲ. ಬಿದ್ದವನು ಎದ್ದು ಮೈ ಕೊಡವಿಕೊಂಡು, ಇವರು ಎದ್ದ ಎಂದು ಹೇಳುವವರೆಗೆ ಕ್ಯಾಮೆರಾ ಅಲ್ಲಾಡದು. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕದೆ ಲಾಳಿ ಓಡಿಸುವಂತಿಲ್ಲವಲ್ಲ, ಆ ಅಭ್ಯಾಸ ಇಲ್ಲಿಗೂ ಬಂದಿದೆ ಎಂದು ನಾನು ನಗುತ್ತಿದ್ದೆ. ಆಟದ ಹುಚ್ಚಿನ ಗಂಡಸರು ಬಾಯಿಗೆ ಬಂದಂತೆ ಬೈದು ಕಾಮೆಂಟು ಹಾಕುತ್ತಿದ್ದರು. ಆದರೂ ನೋಡುವವರು ಹೆಚ್ಚುತ್ತಲೇ ಹೋದರು. ಹೇಗೆ? ನಮಗೂ ತಿಳಿಯಲಿಲ್ಲ. ಒಂದು ದಿನ ಕೂತು ಆ ಕಾಮೆಂಟುಗಳನ್ನೆಲ್ಲ ಓದಿದಾಗ ಗುಟ್ಟು ಗೊತ್ತಾಯಿತು. ಸ್ಕೋರು ಎಷ್ಟು ಎಂದು ಕೇಳಿದವರು ಕಮ್ಮಿ. ಕೆಂಪು ಬನಿಯನ್ನಿನ ಹುಡುಗನ ಮೊಣಕಾಲು ತರಚಿದೆ, ಅರಿಸಿನ ಹಚ್ಚಲು ಹೇಳಿ. ನಮ್ಮವನು ಬೆಳಿಗ್ಗೆ ಉಂಡಿಲ್ಲ, ಆಡಿಸಬೇಡಿ. ಏಳನೇ ನಂಬರಿನವನಿಗೆ ನೀರು ಕೊಡಿ. ಹೀಗೆ ಸಾಲು ಸಾಲು. ನೋಡುತ್ತಿದ್ದವರು ಆಟದ ಅಭಿಮಾನಿಗಳಲ್ಲ, ಆಡುವ ಹುಡುಗರ ತಾಯಂದಿರು! ಭಾವ ಅವರ ಮಾತನ್ನೆಲ್ಲ ಕಾಮೆಂಟರಿಯಲ್ಲೇ ಕೂಗಿ ಹೇಳುತ್ತಿದ್ದರು. ರೇಡ್ ಮಾಡುತ್ತಿದ್ದವನು ತನ್ನ ಅವ್ವನ ಸಂದೇಶ ಮೈಕಿನಲ್ಲಿ ಕೇಳಿ ನಾಚಿ ಔಟಾದದ್ದೂ ಉಂಟು.

ಅಕ್ಕನೂ ಮಗ್ಗದ ಪಕ್ಕ ಮೊಬೈಲು ಒರಗಿಸಿಕೊಂಡು ನೋಡುತ್ತಿದ್ದಳು. ನೇರಪ್ರಸಾರ ಎನ್ನುತ್ತಾರೆಯೇ ಹೊರತು ಅದು ಅಷ್ಟೇನೂ ನೇರವಲ್ಲ. ದೇವಸಮುದ್ರದ ಮೈದಾನದಲ್ಲಿ ಬಿದ್ದವನು ಎದ್ದು ಮಣ್ಣು ಕೊಡವಿಕೊಂಡು ಆಗಿರುತ್ತದೆ, ಮೊಳಕಾಲ್ಮೂರಿನ ಅಕ್ಕನ ಮೊಬೈಲಿನಲ್ಲಿ ಅವನಿನ್ನೂ ಬೀಳುತ್ತಿರುತ್ತಾನೆ. ಆ ನಡುವಿನ ಹೊತ್ತಿಗೂ ಭಾವನಿಗೆ ಭಯವೇ. ಅಷ್ಟರಲ್ಲಿ ಕರೆಂಟು ಹೋದರೆ ನೋಡುವವರ ಗತಿಯೇನು ಎಂದು ಕೇಳುತ್ತಿದ್ದರು.

ಇಷ್ಟು ಚೆನ್ನಾಗಿ ಬೆಳೆದ ಚಾನೆಲ್ಲು ಭಾವನ ಕೈ ತಪ್ಪಿದ್ದು ಹೇಗೆ ಗೊತ್ತೇ? ಒಂದು ಪಂದ್ಯದಲ್ಲಿ ಮೈದಾನದ ಸ್ಪೀಕರಿನವನು ಸಿನಿಮಾ ಹಾಡು ಹಾಕಿದ್ದ. ಪ್ರಸಾರದಲ್ಲಿ ಅದೂ ಹೋಯಿತು. ಹಾಡಿನ ಹಕ್ಕು ಬೇರೆಯವರದು, ಹೀಗೆ ಬಳಸುವಂತಿಲ್ಲ ಎಂದು ಮೊಬೈಲಿಗೊಂದು ನೋಟಿಸು ಬಂತು. ಎಲ್ಲರಿಗೂ ಬರುವಂಥದ್ದೇ. ಭಾವ ಮಾತ್ರ ಟವೆಲ್ಲು, ಹಲ್ಲುಪುಡಿ, ಒಂದು ಹೊದಿಕೆ ಚೀಲಕ್ಕೆ ತುಂಬಿಕೊಂಡು ಪೊಲೀಸರಿಗಾಗಿ ಜಗಲಿಯ ಮೇಲೆ ಕಾದು ಕೂತರು! ಪೊಲೀಸರು ಬರಲಿಲ್ಲ. ಬಂದವನು ಫ್ಲೆಕ್ಸ್ ಅಂಗಡಿಯ ಗೆಳೆಯ. ಅವನ ಕೈಗೆ ಪಾಸ್‌ವರ್ಡ್ ಬರೆದ ಚೀಟಿ ತುರುಕಿ, "ಇವತ್ತಿಂದ ಇದು ನಿಂದೇ ಕಣಲೇ, ನನ್ನ ಹೆಸರು ಎಲ್ಲೂ ಹೇಳಬ್ಯಾಡ" ಎಂದುಬಿಟ್ಟರು. ಹೀಗೆ ಚಾನೆಲ್ಲಿನ ಮೊದಲ ಮಾಲೀಕತ್ವ ಬದಲಾವಣೆ ನಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಒಂದು ಲೋಟ ಟೀ ಖರ್ಚಿನಲ್ಲಿ ಮುಗಿಯಿತು.

ಗೆಳೆಯ ಒಳ್ಳೆಯವನು. ಕಾಮೆಂಟರಿಯನ್ನೂ ಕ್ಯಾಮೆರಾವನ್ನೂ ಭಾವನಿಗೇ ಬಿಟ್ಟಿದ್ದ. ಆದರೆ ಅವನಿಗೆ ಅಂಗಡಿ ನೋಡಿಕೊಳ್ಳುವುದೇ ಕಷ್ಟವಾಗಿ, ಚಳ್ಳಕೆರೆಯ ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರಿಗೆ ಚಾನೆಲ್ಲನ್ನು ಮಾರಿದ. ಸಾಹುಕಾರರು ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ಹಿಡಿಯಲು ಜನ ಎಲ್ಲ ತಂದರು. ಹೆಸರಿನ ಹಿಂದೆ ತಮ್ಮ ಕಡಲೇಕಾಯಿ ಎಣ್ಣೆಯ ಹೆಸರು ಸೇರಿಸಿದರು. ಆಮೇಲೆ ಒಂದು ಹೊಸ ನಿಯಮ ತಂದರು: ಆಟಗಾರ ಬಿದ್ದ ಕೂಡಲೇ ಜಾಹೀರಾತು. ಅವರ ಲೆಕ್ಕವೂ ತಪ್ಪಲ್ಲ ಬಿಡಿ. ಆಟ ನಿಂತಾಗಲ್ಲವೇ ಜಾಹೀರಾತು ಹಾಕುವುದು? ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡಾಗಲೇ ಅಲ್ಲವೇ ಆಟ ನಿಲ್ಲುವುದು?

ಭಾವ ಕಂಗಾಲಾದರು. ಬಿದ್ದದ್ದು ಕಾಣುತ್ತದೆ, ಎದ್ದದ್ದು ಕಾಣುವುದಿಲ್ಲ! ನಡುವೆ ಯಾರೋ ಹೆಂಗಸು ನಗುನಗುತ್ತಾ ಬಜ್ಜಿ ಕರಿಯುತ್ತಾಳೆ. ಸಾಹುಕಾರರಿಗೆ ಹೇಳಿಯೇ ಬರುತ್ತೇನೆಂದು ಹೊರಟರು. ಹೇಳಬೇಕಾದ ಮಾತನ್ನು ಅಕ್ಕನ ಮುಂದೆ ನಿಂತು ಅಭ್ಯಾಸ ಮಾಡಿದರು. ಮಿಲ್ಲಿನ ಗೇಟಿನ ಹತ್ತಿರ ಬಹಳ ಹೊತ್ತು ನಿಂತು, ಬೆವರು ಒರೆಸಿಕೊಂಡು, ಒಳಗೆ ಹೋಗಿ ಸಾಹುಕಾರರ ಮುಖ ನೋಡಿದರು. "ಎಣ್ಣೆ ಚೆನ್ನಾಗೈತೆ ಸಾವ್ಕಾರ್ರೇ" ಎಂದರು. ಅಷ್ಟೇ. ಅವರು ಸಂತೋಷಪಟ್ಟು ಕೊಟ್ಟ ಎಣ್ಣೆ ಪ್ಯಾಕೆಟ್ಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

ಸಾಹುಕಾರರ ಕೈಯಿಂದ ಚಾನೆಲ್ಲು ದಾವಣಗೆರೆಯ ಯಾವುದೋ ಕಂಪನಿಯ ಪಾಲಾಯಿತು. ಭಯಂಕರ ಹೋಗಿ ಇಂಗ್ಲಿಷಿನ ಒಂದು ಹೆಸರು ಬಂತು, ಕೆಂಪು ಹೋಗಿ ನೀಲಿ ಬಂತು, ಎಣ್ಣೆಯ ಜಾಹೀರಾತು ಮಾತ್ರ ಹಾಗೇ ಉಳಿದು ಇನ್ನೂ ಉದ್ದವಾಯಿತು. ಸ್ಕೋರೇ ಹೇಳದ ಕಾಮೆಂಟರಿಯವರು ಬೇಡ ಎಂದು ಭಾವನನ್ನು ಕೈಬಿಟ್ಟರು. ಪೀಡೆ ಕಳೆಯಿತು, ಇನ್ನು ಹೆದರುವುದೊಂದು ಕಮ್ಮಿಯಾಯಿತು ಎಂದು ನಾನು ತಮಾಷೆ ಮಾಡಿದೆ. ಆದರೆ ತಾಯಂದಿರ ಬಳಿ ಭಾವನ ನಂಬರಿತ್ತಲ್ಲ! ಜಾಹೀರಾತು ಬಂದ ಕೂಡಲೇ ಭಾವನ ಫೋನು ಬಡಿದುಕೊಳ್ಳುತ್ತಿತ್ತು. ಅದಕ್ಕೆಂದೇ ಇವರು ಸ್ವಂತ ಖರ್ಚಿನಲ್ಲಿ, ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ, ಆಟೋದೊಳಗೆ ಕೂತು, "ಎದ್ದ ತಾಯಿ, ಎದ್ದ" ಎಂದು ಉತ್ತರ ಕೊಡುತ್ತಿದ್ದರು.

ಇದೆಂಥ ಹುಚ್ಚು ಎಂದು ಅಕ್ಕನನ್ನು ಕೇಳಿದಾಗ ಅವಳು ನಗಲಿಲ್ಲ. ಭಾವ ಹುಡುಗನಾಗಿದ್ದಾಗ ಕಬಡ್ಡಿ ಆಡುತ್ತಿದ್ದರಂತೆ. ಪಕ್ಕದ ಊರಿನ ಪಂದ್ಯದಲ್ಲಿ ಬಿದ್ದು ಎಚ್ಚರ ತಪ್ಪಿತಂತೆ. ಸುದ್ದಿ ತಿಳಿದ ಅವರಮ್ಮ ಮಗ್ಗ ಬಿಟ್ಟೆದ್ದು, ಚಪ್ಪಲಿ ಕೂಡ ಹಾಕದೆ ಬಿಸಿಲಿನಲ್ಲಿ ಓಡಿದರಂತೆ. ಅವರದು ತೆಲುಗು ಮಾತಿನ ಮನೆ. ದಾರಿಯಲ್ಲಿ ಎದುರಾದವರನ್ನೆಲ್ಲ "ಲೇಸಿನಾಡಾ?" ಎಂದರೆ ಎದ್ದನಾ ಎಂದು ಕೇಳುತ್ತಾ ಹೋದರಂತೆ. ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಮುಟ್ಟಿದಾಗ ಮಗ ಮರದ ಕೆಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದ! ಅವ್ವನ ಸುಟ್ಟ ಪಾದ, ಅವಳ ಮುಖ ಎರಡನ್ನೂ ನೋಡಿದ ಮೇಲೆ ಭಾವ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ.

"ಬಿದ್ದ ಅಂತ ಹೇಳೋಕೆ ಊರೇ ಓಡ್ತಂತೆ," ಎಂದಳು ಅಕ್ಕ. "ಎದ್ದ ಅಂತ ಹೇಳೋಕೆ ಒಬ್ರೂ ಓಡ್ಲಿಲ್ಲಂತೆ."

ನನ್ನ ಮಗ ಕಾಲೇಜಿನಲ್ಲಿ ಓದುತ್ತಾನೆ, ಕಬಡ್ಡಿ ಆಡುತ್ತಾನೆ. ಹೋದ ತಿಂಗಳು ದೇವಸಮುದ್ರದಲ್ಲಿ ಅವನ ಪಂದ್ಯವಿತ್ತು. ನಮ್ಮ ಟಿವಿಗೇ ಇಂಟರ್ನೆಟ್ ಬರುವುದರಿಂದ ನಾನು ಮಧ್ಯಾಹ್ನ ಅಡುಗೆ ಮುಗಿಸಿ ಅದರ ಮುಂದೆ ಕೂತೆ. ಮಗ ರೇಡಿಗೆ ಹೋದ. ಇನ್ನೇನು ಗೆರೆ ಮುಟ್ಟಬೇಕು, ನಾಲ್ಕೈದು ಜನ ಒಟ್ಟಿಗೆ ಮೇಲೆ ಬಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕೆಳಗಿದ್ದವನು ಮಾತ್ರ ಏಳಲಿಲ್ಲ. ತಲೆ ಒಂದು ಕಡೆ ವಾಲಿತ್ತು. ಅಷ್ಟರಲ್ಲಿ ಜಾಹೀರಾತು ಬಂತು.

ಆ ಹೆಂಗಸು ಬಜ್ಜಿ ಕರಿಯತೊಡಗಿದಳು. ಇಷ್ಟು ದಿನ ಅವಳನ್ನು ನೋಡಿ ನಗುತ್ತಿದ್ದವಳು ನಾನೇ. ಈಗ ಎದ್ದು ಟಿವಿಯ ಹತ್ತಿರ ಹೋಗಿ ನಿಂತೆ. ಮಗನ ಫೋನಿಗೆ ಹಚ್ಚಿದೆ, ಎತ್ತಲಿಲ್ಲ. ಆಡುವವನ ಜೇಬಿನಲ್ಲಿ ಫೋನು ಎಲ್ಲಿರುತ್ತದೆ? ಬಜ್ಜಿ ಆದ ಮೇಲೆ ಪೂರಿ ಬಂತು. ಹೆದರಿಕೆ ಎಂದರೇನು ಎಂದು ನನಗೆ ಅವತ್ತು ಗೊತ್ತಾಯಿತು. ಅಷ್ಟರಲ್ಲಿ ಭಾವನ ಫೋನು ಬಂತು.

"ಭಾಗ್ಯ, ಫೋನ್ ಇಡಬ್ಯಾಡ. ನಾನು ಅವನ ಹತ್ರಾನೇ ಅದೀನಿ. ಇನ್ನೂ ಎದ್ದಿಲ್ಲ."

ಎದ್ದ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹಿಂದೆ ಸೀಟಿ ಕೇಳುತ್ತಿತ್ತು. ಯಾರೋ, ಯಾರ್ರೀ ನೀವು, ಹೊರಗೆ ಹೋಗ್ರಿ ಎಂದು ಗದರುತ್ತಿದ್ದರು. ಆಗ ನನಗೆ ಹೊಳೆಯಿತು, ಆಟೋದಿಂದ ಇಳಿಯದ ನಮ್ಮ ಭಾವ ಅಷ್ಟು ಜನರನ್ನು ಸೀಳಿಕೊಂಡು ಅಂಕಣದ ನಡುವೆ ಹೋಗಿ ನಿಂತಿದ್ದಾರೆ.

"ಕಣ್ಣು ಬಿಟ್ಟ," ಎಂದರು ಭಾವ. "ದೊಡ್ಡಪ್ಪ ನೀವ್ಯಾಕೆ ಬಂದ್ರಿ ಅಂತಾನೆ. ಮಾತು ಸರಿಯಾಗೈತೆ. ನೀರು ಕುಡಿದ. ಕೂತ. ತಡಿ, ಅವಸರ ಮಾಡಬ್ಯಾಡ." ಅದು ನನಗೆ ಹೇಳಿದ್ದೋ ಅವನಿಗೆ ಹೇಳಿದ್ದೋ ತಿಳಿಯಲಿಲ್ಲ. ಆಮೇಲೆ ಕಾಮೆಂಟರಿಯ ದನಿಯಲ್ಲೇ ಕೂಗಿದರು. "ಎದ್ದ. ಭಾಗ್ಯ, ಎದ್ದ ಕಣವ್ವ."

ನಾನು ಗೋಡೆಗೊರಗಿ ಅತ್ತೆ. ಭಾವ, ಭಾವ ಎಂದು ಕರೆದೆ. ಮೂರನೇ ಸಲ ಕರೆದಾಗ, "ನನ್ನ ಕಾಲು ನಿಲ್ತಾ ಇಲ್ಲ. ಇಲ್ಲೇ ಕುಸಿದುಬಿಟ್ಟೆ. ಎಷ್ಟೊಂದು ಜನ ನೋಡ್ತಾ ಅದಾರೆ" ಎಂದರು. ಫೋನು ಕೈಯಿಂದ ಜಾರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅದರಲ್ಲಿ ಮಗನ ದನಿ ಕೇಳಿತು.

"ಅವ್ವಾ, ದೊಡ್ಡಪ್ಪನ್ನ ಎಬ್ಬಿಸ್ದೆ. ಎದ್ರು. ನೀರು ಕುಡೀತಾ ಅದಾರೆ."

ಫೋನು ಇಡುವುದಕ್ಕೂ ಅಕ್ಕನ ಫೋನು ಬರುವುದಕ್ಕೂ ಸರಿಹೋಯಿತು. ಟಿವಿ ಕಡೆ ನೋಡಿದರೆ ಜಾಹೀರಾತು ಮುಗಿದಿದೆ. ಅಂಕಣದ ನಡುವೆ ನಮ್ಮ ಭಾವ ಮಣ್ಣಿನಲ್ಲಿ ಕುಸಿದು ಬಿದ್ದಿದ್ದಾರೆ, ಸುತ್ತ ಜನ ಮುತ್ತಿಕೊಂಡಿದ್ದಾರೆ. ಅಕ್ಕ ಬಿಕ್ಕುತ್ತಾ, ನಿಮ್ಮ ಭಾವ, ನಿಮ್ಮ ಭಾವ ಎಂದಷ್ಟೇ ಹೇಳುತ್ತಿದ್ದಳು.

"ಎದ್ರು ಅಕ್ಕ," ಎಂದೆ. "ನಿನ್ನ ಮೊಬೈಲಿಗೆ ಇನ್ನೂ ಬಂದಿಲ್ಲ, ಅಷ್ಟೇ. ಭಾವ ಎದ್ರು."