ಕೊಟ್ರಬಸಪ್ಪನ ನಲ್ಲಿ

ಸವಳಂಗ ರಸ್ತೆಯಲ್ಲಿ ದಾರಿಹೋಕರಿಗೆಂದು ಕುಡಿಯುವ ನೀರಿನ ನಲ್ಲಿ ಹಾಕಿಸಿ ವಾರವಾಗಿತ್ತು. ಒಬ್ಬರೂ ಬೊಗಸೆ ಒಡ್ಡಿರಲಿಲ್ಲ. ನೀರು ಔಷಧಿ ವಾಸನೆ ಎಂದು ಎಲ್ಲರ ತಕರಾರು. ಅದು ಕಾಲರಾ ಬಾರದಿರಲೆಂದು ಹಾಕುವ ಬ್ಲೀಚಿಂಗ್ ಪುಡಿ ಎಂದು ಹೇಳಿ ಹೇಳಿ, ನಲ್ಲಿ ಕಾಯುವ ಕೊಟ್ರಬಸಪ್ಪನ ಗಂಟಲು ಒಣಗಿತ್ತು.

ಅವತ್ತು ಬೆಳಿಗ್ಗೆ ಇಂಜಿನಿಯರ್ ಯಜ್ಞನಾರಾಯಣರು ಜೀಪು ನಿಲ್ಲಿಸಿದರು.

"ಭದ್ರಾವತಿ ನ್ಯೂ ಟೌನಿನೋರು ನಲ್ಲಿ ನೀರನ್ನೇ ಕುಡೀತಾರೆ, ಇವರಿಗೇನಯ್ಯಾ ಧಾಡಿ? ಅಲ್ಲಿಗೆ ಹೋಗಿ ಸಂಜೆ ಬರ್ತೀನಿ. ಜನ ಕುಡೀತಿದ್ರೆ ನಿನ್ನ ಕೆಲಸ ಕಾಯಂ. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

ಮೂರು ವರ್ಷದಿಂದ ಹಂಗಾಮಿಯಾಗೇ ಸವೆದಿದ್ದ ಕೊಟ್ರಬಸಪ್ಪ ಜೀಪು ಮರೆಯಾಗುತ್ತಲೇ ಲೋಟ ಹಿಡಿದ. ಎಲ್ಲರಿಗೂ ಕಾಣುವಂತೆ ತಾನೇ ನಾಲ್ಕು ಲೋಟ ಕುಡಿದು ತೋರಿಸಿದ.

"ನಿಂದು ಸರ್ಕಾರಿ ಹೊಟ್ಟೆ ಕಣಪ್ಪ," ಎಂದರು ಎದುರು ಮನೆಯ ಕಾಶಮ್ಮ, ಜಗಲಿಯಿಂದಲೇ. "ನಮ್ಮ ಬಾವೀಲಿ ಗಂಗಮ್ಮ ಇದಾಳೆ. ನಿನ್ನ ಕೊಳವೇಲಿ ಯಾರಿದಾರೆ?"

ಕೊಟ್ರಬಸಪ್ಪನಿಗೆ ಥಟ್ಟನೆ ಹೊಳೆಯಿತು. ಗಂಗೆ ಪೂಜೆಯಾಗದೆ ಹೊಸ ಬಾವಿ ನೀರನ್ನೇ ಯಾರೂ ಮುಟ್ಟುವುದಿಲ್ಲ, ಇನ್ನು ನಲ್ಲಿಯದನ್ನು ಮುಟ್ಟುತ್ತಾರೆಯೇ? ಓಡಿಹೋಗಿ ಹೂವು, ವಿಭೂತಿ, ಕುಂಕುಮ, ತೆಂಗಿನಕಾಯಿ ತಂದ. ನಲ್ಲಿಗೆ ವಿಭೂತಿ ಬಳಿದು, ಹಾರ ಹಾಕಿ, ಕಾಶಮ್ಮನ ಕೈಯಿಂದಲೇ ಆರತಿ ಎತ್ತಿಸಿದ.

ಆಮೇಲೆ ನೋಡಬೇಕಿತ್ತು ಸಡಗರ. ಬೀದಿಗೆ ಬೀದಿಯೇ ನೆರೆಯಿತು. ಹೆಂಗಸರು ಸೆರಗು ಹೊದ್ದು ಊದುಬತ್ತಿ ಹಿಡಿದು ಬಂದರು, ಸೋಬಾನೆ ಶುರುವಾಯಿತು. ಕೊಟ್ರಬಸಪ್ಪ ಹಿಗ್ಗಿಹೋಗಿ ಲೋಟ ತುಂಬಿಸಿ ನೀಡಿದ.

"ಕುಡೀರಿ ಕಾಶಮ್ಮೋರೇ."

"ಹುಚ್ಚೇನಪ್ಪ ನಿಂಗೆ? ಬಾವೀಲಿ ಗಂಗಮ್ಮ ತಳದಲ್ಲೆಲ್ಲೋ ಇರ್ತಾಳೆ. ಇಲ್ಲಿ ದೇವರ ಮೈಯಿಂದಲೇ ಇಳೀತಿದೆ, ಅಭಿಷೇಕದ ನೀರು. ದಾಹಕ್ಕೆ ಕುಡಿಯೋದುಂಟಾ? ಅಂಗೈಗೆ ಮೂರು ಹನಿ ತೀರ್ಥ ಹಾಕು."

ಎಲ್ಲರೂ ಅಂಗೈ ಚಾಚಿದರು. ಕೊಟ್ರಬಸಪ್ಪ ಗಾಬರಿಯಾಗಿ ಸೈಕಲ್ ಅಂಗಡಿಯ ರಸೂಲ್ ಸಾಬರನ್ನಾದರೂ ಕುಡಿಯಲು ಕರೆದ.

"ಈ ಗ್ರೀಸ್ ಕೈಲಿ ಪೂಜೆ ನಲ್ಲಿ ಮುಟ್ಟೋದಾ ಮಾರಾಯ? ಬೆಳಿಗ್ಗೆ ಒಂದು ಮಾತು ಕರೆದಿದ್ರೆ ಕುಡೀತಿದ್ದೆ," ಎಂದರು ಅವರು.

ಸಂಜೆ ಜೀಪು ಬಂತು. ಗುಂಪು ಕಂಡು ಇಂಜಿನಿಯರ್ ಮುಖ ಅರಳಿತು. ಹತ್ತಿರ ಬಂದು ನೋಡಿದವರೇ ಬೂಟು ಬಿಚ್ಚಿದರು, ತೀರ್ಥ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು.

"ಸ್ವಾಮಿ, ನನ್ನ ಕೆಲಸ?"

"ಕಾಯಂ ಕಣಯ್ಯಾ. ಇನ್ನು ನಿನ್ನನ್ನ ಇಲ್ಲಿಂದ ಯಾರೂ ಕದಲಿಸೋ ಹಾಗಿಲ್ಲ."

ಕೊಟ್ರಬಸಪ್ಪನ ಕಣ್ಣು ತುಂಬಿ ಬಂತು. ಇಂಜಿನಿಯರ್ ಜೀಪು ಹತ್ತುತ್ತ ಹೇಳಿದರು: "ಕುಡಿಯೋ ನಲ್ಲಿ ಬೇರೆ ಕಡೆ ಹಾಕಿಸ್ತೀನಿ, ಅದಕ್ಕೆ ಬೇರೆ ಆಳು ನೋಡ್ತೀನಿ. ನೀನಿಲ್ಲೇ ಪೂಜೆ ಮಾಡ್ಕೊಂಡಿರು. ನಮ್ಮ ಇಲಾಖೇಲಿ ಪೂಜಾರಿಗೆ ಸಂಬಳ ಇಲ್ಲ, ಅಷ್ಟೇ."

ಜೀಪು ಹೊರಟಿತು. ಹಿಂದಿನಿಂದ ಕಾಶಮ್ಮ ಕೊಟ್ರಬಸಪ್ಪನನ್ನು ಭಕ್ತಿಯಿಂದ ಕರೆದರು: "ಅಯ್ನೋರೇ, ಮಂಗಳಾರತಿಗೆ ಹೊತ್ತಾಯ್ತು."