ಎರಡು ಢಂ, ನಾಲ್ಕು ಪ್ರಶ್ನೆ

112ಕ್ಕೆ ಯಾವಾಗ ಫೋನ್ ಮಾಡಬೇಕು, ಯಾವಾಗ ಠಾಣೆಯ ಮಾಮೂಲಿ ನಂಬರಿಗೆ ಮಾಡಬೇಕು ಎಂಬುದು ಕೊಡಗಿನ ಇಡೀ ನೆಲ್ಯಹುದಿಕೇರಿಯಲ್ಲಿ ಗೊತ್ತಿರುವುದು ನನಗೊಬ್ಬನಿಗೇ! ಹೋದ ವಾರ ನನ್ನ ಅಂಕಣದಲ್ಲಿ ಊರಿಗೆ ಊರನ್ನೇ ಉಗಿದಿದ್ದೆ. ಕೋಳಿ ಕಾಣೆಯಾದರೆ 112, ಕರೆಂಟು ಹೋದರೆ 112, ಪಕ್ಕದ ಎಸ್ಟೇಟಿನ ನಾಯಿ ಬೊಗಳಿದರೂ 112! ನೀವು ಕೋಳಿಯ ಪುಕ್ಕದ ಬಣ್ಣ ವರ್ಣಿಸುವ ಹೊತ್ತಿಗೆ ಎಲ್ಲೋ ಒಬ್ಬ ಹೆಂಗಸು ಕುಡುಕ ಗಂಡನ ಕತ್ತಿಯೆದುರು ನಿಂತು ಅದೇ ಜೀಪಿಗೆ ಕಾಯುತ್ತಿರುತ್ತಾಳೆ, ನಾಚಿಕೆಯಿಲ್ಲವೇ? ಈ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕೊನೆಯಲ್ಲಿ, ಫೋನ್ ಒತ್ತುವ ಮುನ್ನ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳನ್ನೂ ಲೋಕಕ್ಕೆ ದಯಪಾಲಿಸಿದ್ದೆ. ಎಡವಟ್ಟಾದದ್ದು ಅಲ್ಲೇ.

ಶನಿವಾರ ಮಧ್ಯಾಹ್ನ. ಅಡುಗೆಮನೆಯ ಹಿಂದಿನ ಉಗ್ರಾಣದಿಂದ 'ಢಂ!' ಹಿಂದೆಯೇ ಇನ್ನೊಂದು 'ಢಂ!'

ಹೆಂಡತಿ ದಿವ್ಯಶ್ರೀ ಸೌಟು ಹಿಡಿದೇ ಓಡಿಬಂದಳು. "ರೀ, ಗುಂಡು! ಉಗ್ರಾಣದ ಬಾಗಿಲು ಒಳಗಿಂದ ಚಿಲಕ ಹಾಕಿದೆ. ಅಪ್ಪ ಮಂಚದ ಮೇಲಿಲ್ಲ!"

ಅಪ್ಪ ಎಂದರೆ ನನ್ನ ಮಾವ ಸಣ್ಣಸ್ವಾಮಿ. ಎಪ್ಪತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ.

"ಅಪ್ಪಾ!" ಎಂದು ಬಾಗಿಲು ಬಡಿದಳು. ಉತ್ತರವಿಲ್ಲ. ಬಾಗಿಲಡಿಯಿಂದ ಕೆಂಪಗೆ ಏನೋ ಹರಿದು ಬಂತು.

"ಒನ್ ಒನ್ ಟೂ ಒತ್ರೀ!"

"ತಡಿ. ಮೊದಲನೇ ಪ್ರಶ್ನೆ: ಪ್ರಾಣಾಪಾಯ ಇದೆಯಾ?"

"ರಕ್ತ ಕಣ್ರೀ!"

"ಬರ್ತಿರೋದು ಬಾಗಿಲಿಂದ. ಮನುಷ್ಯನದ್ದೇ ಅಂತ ಏನು ಖಾತ್ರಿ? ಎರಡನೇ ಪ್ರಶ್ನೆ: ಅಪರಾಧ ಈಗ ನಡೀತಿದೆಯಾ, ಮುಗಿದುಹೋಗಿದೆಯಾ?"

"ಈಗ ಶುರುವಾಗುತ್ತೆ, ಈ ಸೌಟಲ್ಲಿ!"

ನನ್ನ ಬೆರಳೂ 112ರತ್ತ ಹೋಗಿತ್ತು. ಆದರೆ ಅಚ್ಚಾದ ಮಾತಿಗೆ ನಾನೇ ತಪ್ಪಿದರೆ ಊರು ನಗದೇ? ಠಾಣೆಯ ಮಾಮೂಲಿ ನಂಬರನ್ನೇ ಒತ್ತಿದೆ. ಹೆಡ್ ಕಾನ್‌ಸ್ಟೆಬಲ್ ಸೋಮಯ್ಯ ಎತ್ತಿಕೊಂಡರು. ಗುಂಡಿನ ಸದ್ದು ಕೇಳಿತು ಎಂದೆ.

"ಎಷ್ಟು ಗುಂಡು?"

"ಎರಡು ಸರ್."

"ಎರಡಾ? ಹಾಗಾದ್ರೆ ಸಾವು. ಯಾರ ಮನೇಲಿ?"

"ನಮ್ಮನೇಲೇ!"

"ಛೆ ಛೆ! ಯಾರು ಹೋದ್ರು?"

"ಗೊತ್ತಿಲ್ಲ ಸರ್, ಇನ್ನು ನೋಡ್ಬೇಕು!"

"ಯಾರು ಹೋದ್ರು ಅಂತ ನೋಡೋ ಮೊದ್ಲೇ ಗುಂಡು ಹೊಡ್ದುಬಿಟ್ರಾ?"

ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಕೊಡವರ ಮನೆಗಳ ವಾಡಿಕೆ. ನಾವು ಹಾಸನದ ಕಡೆಯಿಂದ ಬಂದವರು, ಮನೆಯಲ್ಲಿ ಕೋವಿಯೇ ಇಲ್ಲ. ಇದನ್ನು ಸೋಮಯ್ಯನವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಗೇಟು ಕಿರ್ರೆಂದಿತು. ಪಕ್ಕದ ತೋಟದ ಕುಟ್ಟಪ್ಪ ಬಿಳಿ ಬಟ್ಟೆಯುಟ್ಟು ಬರುತ್ತಿದ್ದರು. ಹಿಂದೆ ಹತ್ತು ಹನ್ನೆರಡು ಜನ, ಎಲ್ಲರದ್ದೂ ತಗ್ಗಿದ ತಲೆ!

ಕುಟ್ಟಪ್ಪ ತಲೆಯೆತ್ತಿದರು. "ಅಯ್ಯೋ, ನೀವಲ್ವಾ?"

ದನಿಯಲ್ಲಿದ್ದದ್ದು ಸಮಾಧಾನವೋ ನಿರಾಸೆಯೋ ತಿಳಿಯಲಿಲ್ಲ. ನಾನು ಬರೆದಿದ್ದ ಕೋಳಿ ಅವರದ್ದೇ.

"ಮಾವ ಒಳಗಿದ್ದಾರೆ ಅನ್ಸುತ್ತೆ. ಆದ್ರೆ ಮೂರನೇ ಪ್ರಶ್ನೆ ಏನಂದ್ರೆ..."

"ಪ್ರಶ್ನೆ ಆಚೆ ಇಡಿ ಮಾರಾಯ್ರೆ!" ಕುಟ್ಟಪ್ಪ ಭುಜ ಕೊಟ್ಟು ನೂಕಿದರು. ಚಿಲಕ ಕಿತ್ತು ಬಂತು.

ಒಳಗೆ ಘಮಘಮ! ದಿವ್ಯಶ್ರೀ ಹಾಕಿಟ್ಟಿದ್ದ ದ್ರಾಕ್ಷಿ ವೈನಿನ ಎರಡು ಬಾಟಲಿ ಸಿಡಿದು ನೆಲದ ತುಂಬ ಗಾಜು. ನಡುವೆ ಅಕ್ಕಿ ಡ್ರಮ್ಮಿನ ಮೇಲೆ ಮಾವ, ಬರಿಗಾಲು ಎತ್ತಿಕೊಂಡು ಕೂತಿದ್ದಾರೆ. ಪಾದದಿಂದ ನಿಜವಾದ ರಕ್ತ ತೊಟ್ಟಿಕ್ಕುತ್ತಿದೆ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಫೋನು! ಸಕ್ಕರೆ ಕಾಯಿಲೆಯವರು ಕದ್ದು ಕುಡಿಯಲು ಚಿಲಕ ಹಾಕಿಕೊಂಡಿದ್ದರು, ಮಗಳ ದನಿ ಕೇಳಿ ಉಸಿರೆತ್ತಿರಲಿಲ್ಲ.

"ಉಕ್ಕೋ ವೈನಿಗೆ ಇಷ್ಟು ಬಿಗಿಯಾಗಿ ಮುಚ್ಚಳ ತಿರುಗಿಸಿದ್ದು ಯಾರು?" ಎಂದರು ಕುಟ್ಟಪ್ಪ. ನಾನು ಮಾಡಿನ ಹೆಂಚು ಎಣಿಸತೊಡಗಿದೆ.

ದಿವ್ಯಶ್ರೀ ಅಪ್ಪನ ಕಾಲಿಗೆ ಬಟ್ಟೆ ಸುತ್ತುತ್ತಿದ್ದಾಗ ಅಂಗಳಕ್ಕೆ 112ರ ಜೀಪು ನುಗ್ಗಿತು.

"ನಾನು ಮಾಡಿಲ್ಲ!" ಎಂದು ಎರಡೂ ಕೈ ಎತ್ತಿದೆ. ಮಾವ ಲೋಟ ಹಿಡಿದ ಕೈಯನ್ನೇ ಎತ್ತಿದರು.

"ಸರಿಯಾಗೇ ಮಾಡಿದ್ದೀರಿ ಅಜ್ಜ," ಎಂದ ಪೊಲೀಸಿನವನು ತನ್ನ ಮೊಬೈಲು ನೋಡುತ್ತ ಓದಿದ. "ಪಿಸುದನಿಯ ಕರೆ. ಗಾಜು ಚುಚ್ಚಿ ರಕ್ತ ಹೋಗ್ತಿದೆ, ಆಚೆ ಬರೋಕಾಗ್ತಿಲ್ಲ. ಮನೇಲಿ ಬೇರೆ ಯಾರಾದ್ರೂ ಇದ್ದಾರಾ ಅಂತ ಕೇಳಿದ್ದಕ್ಕೆ..." ಅವನು ನಿಲ್ಲಿಸಿ, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"'ಬಾಗಿಲಾಚೆ ಅಳಿಯಂದ್ರು ಅವ್ರೆ. ನಾನು ಸಾಯ್ತಿದ್ದೀನಾ ಇಲ್ವಾ ಅಂತ ಇನ್ನೂ ತೀರ್ಮಾನ ಮಾಡ್ತಾವ್ರೆ' ಅಂದ್ರಂತೆ."